ಬದುವಿನ ಕಡೆಗೆ ಕೊಯ್ಲು

ಶಕುಂತಲಮ್ಮ ತೀರಿಕೊಂಡರು. ೧೯೯೯ರ ಡಿಸೆಂಬರ್ ತಿಂಗಳು, ದಾವಣಗೆರೆ ಹತ್ತಿರದ ಬಾತಿ ಊರಿನ ಅವರ ಗದ್ದೆಯಲ್ಲಿ ಭತ್ತದ ಕೊಯ್ಲು ನಡೆದಿತ್ತು. ಬದುವಿನ ಮೇಲೆ ಕೂತಿದ್ದರು, ಕೂತಲ್ಲೇ ಹೋದರು. ಹೃದಯ ನಿಂತಿತು ಎಂದು ಆಮೇಲೆ ಡಾಕ್ಟರು ಹೇಳಿದರು. ಕೊಯ್ಲು ಮುಗಿಯುವ ಹೊತ್ತಿಗೆ, ಪೈರಿನೊಳಗಿನ ಹಕ್ಕಿಗಳು ಹೊರಬೀಳುವಾಗ, ಅಲುಗಾಡದೆ ಕೂರುವುದು ಅವರ ಅಭ್ಯಾಸ. ಅವತ್ತೂ ಹಕ್ಕಿಗಳು ಅವರ ಕಾಲ ಬುಡದಲ್ಲೇ ಓಡಿ ಬೇಲಿ ಸೇರಿದವು. ಅವರು ಅಲುಗಾಡಲಿಲ್ಲ. ಹಾಗಾಗಿ ಎದುರಿಗೇ ಹನ್ನೆರಡು ಹೆಂಗಸರಿದ್ದರೂ ಯಾರಿಗೂ ಏನೂ ತಿಳಿಯಲಿಲ್ಲ. ಕೊನೆಯ ಸಿವುಡು ಕಟ್ಟಿದ ಮೇಲೆ ಅವರಲ್ಲೊಬ್ಬಳು, ದುರುಗವ್ವ, ಹತ್ತಿರ ಹೋಗಿ, "ಅಮ್ಮಾರೆ, ಮುಗೀತು, ಏಳ್ರಿ" ಅಂದಾಗಲೇ ಗೊತ್ತಾದದ್ದು.

ಪತ್ರಿಕೆಯಲ್ಲಿ "ಮಂಡಕ್ಕಿ ವ್ಯಾಪಾರಿ ದಿವಂಗತ ಬಕ್ಕೇಶಪ್ಪನವರ ಧರ್ಮಪತ್ನಿ" ಎಂದು ಬಂತು. ಸುಳ್ಳಲ್ಲ. ಆದರೆ ಆ ಮಾತು ಅವರ ಬದುಕಿನ ಮೊದಲ ಭಾಗಕ್ಕೆ ಮಾತ್ರ ಸಲ್ಲುತ್ತದೆ. ಉಳಿದ ನಾಲ್ಕು ವರ್ಷ ಅವರು ಯಾರ ಪತ್ನಿಯೂ ಅಲ್ಲ, ಬಾತಿಯ ಲೂನಾ ಅಮ್ಮ.

ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಅವರ ಮನೆ. ಗಂಡನದು ಮಂಡಕ್ಕಿ ಭಟ್ಟಿ. ಮದುವೆಯಾಗಿ ಬಂದ ಮೇಲೆ ಶಕುಂತಲಮ್ಮ ಕಂಡದ್ದೆಲ್ಲ ಚೀಲದೊಳಗಿನ ಭತ್ತ, ಕಾದ ಮರಳಿನಲ್ಲಿ ಅರಳುವ ಅಕ್ಕಿ. ಭತ್ತ ಗಿಡದಲ್ಲಿ ನಿಂತಿರುವುದನ್ನು ಹರಿಹರದ ಬಸ್ಸಿನ ಕಿಟಕಿಯಿಂದ ಕಂಡಿದ್ದರು, ಅಷ್ಟೇ. ಮಕ್ಕಳಾಗಲಿಲ್ಲ. ಬಕ್ಕೇಶಪ್ಪ ಹೋದ ಮೇಲೆ ಭಟ್ಟಿ ಮೈದುನನ ಪಾಲಿಗೆ ಹೋಯಿತು, ಬಾತಿಯ ನಾಲ್ಕು ಎಕರೆ ಗದ್ದೆ ಇವರ ಪಾಲಿಗೆ ಬಂತು. ಗದ್ದೆಯನ್ನು ಗುತ್ತಿಗೆಗೆ ಕೊಟ್ಟು ಮನೆಯಲ್ಲಿ ಪೂಜೆ ಮಾಡಿಕೊಂಡಿರಲಿ ಎಂದು ಬಂಧುಗಳು ಮಾತಾಡಿಕೊಂಡರು. ಇವರು ಐವತ್ತೆರಡನೇ ವಯಸ್ಸಿನಲ್ಲಿ ಲೂನಾ ಕಲಿತರು.

ಕಲಿಸಿದವನು ಮೈದುನನ ಮಗ ಕೊಟ್ಟೂರೇಶ. ಕಲಿಸುವಾಗ ಹಿಂದೆ ಓಡಿ ಓಡಿ ಏದುಸಿರು ಬಿಟ್ಟವನು, ಅವರು ಗಾಡಿ ಬಿಟ್ಟುಕೊಂಡು ಬಾತಿಗೆ ಹೊರಟ ದಿನ, "ದೊಡ್ಡಮ್ಮ, ನಾ ಯಾಕಾದ್ರೂ ಕಲಿಸಿದ್ನೋ" ಅಂದ. ಅವತ್ತಿನಿಂದ ಕೊನೆಯವರೆಗೆ ಅವನು ಅವರ ಪ್ರತಿಯೊಂದು ಕೆಲಸವನ್ನೂ ಬೈಯುತ್ತ, ಪ್ರತಿಯೊಂದಕ್ಕೂ ಕೈ ಹಚ್ಚುತ್ತ ಬಂದ.

ಮೊದಲ ವರ್ಷ ತೆನೆ ಹಾಲುಗಟ್ಟಿದಾಗ ಶಕುಂತಲಮ್ಮನಿಗೆ ಹಕ್ಕಿಗಳೆಂದರೆ ಕಳ್ಳರು. ಭಟ್ಟಿಯ ಅಂಗಳದಲ್ಲಿ ಗುಬ್ಬಿ ಓಡಿಸಿಯೇ ಬಂದವರು. ಕೊಟ್ಟೂರೇಶ ತನ್ನ ಹಳೆಯ ಕ್ಯಾಸೆಟ್ಟುಗಳ ರೀಲು ಬಿಚ್ಚಿಕೊಟ್ಟ. ಗದ್ದೆಯ ತುಂಬ ಕೋಲು ನೆಟ್ಟು ಆ ರೀಲು ಕಟ್ಟಿದರು. ಗಾಳಿಗೆ ಅದು ಗುಂಯ್ ಎನ್ನುತ್ತಿತ್ತು, ಬಿಸಿಲಿಗೆ ಹೊಳೆಯುತ್ತಿತ್ತು. ಎರಡು ದಿನ ಹಕ್ಕಿಗಳು ಹೆದರಿದವು. ಮೂರನೇ ದಿನ ಒಂದು ಕಾಜಾಣ ಬಂದು ಕೋಲಿನ ತುದಿಯಲ್ಲಿ ಕೂತಿತು. ಕರಿಯ ಹಕ್ಕಿ, ಕವಲು ಬಾಲ. ಓಡಿಸಲು ಹೋದ ಶಕುಂತಲಮ್ಮ ಸುಮ್ಮನೆ ನೋಡುತ್ತ ನಿಂತರು. ಅದು ತೆನೆ ಮುಟ್ಟಲಿಲ್ಲ. ಪೈರಿನ ಮೇಲೆ ಹಾರುವ ಚಿಟ್ಟೆಯನ್ನು ಹಿಡಿಯಿತು, ಮತ್ತೆ ಕೋಲಿಗೆ ಬಂತು. ಮತ್ತೆ ಹೋಯಿತು, ಒಂದು ಹುಳು ತಂದಿತು. ಮಧ್ಯಾಹ್ನದವರೆಗೂ ಅದೇ ಕೆಲಸ.

"ಕಳ್ಳರನ್ನ ಹೆದರಿಸೋಕೆ ಕಂಬ ನೆಟ್ರೆ ಪೊಲೀಸಪ್ಪನೇ ಬಂದು ಕುಂತಾನಲ್ಲೋ" ಎಂದು ಸಂಜೆ ಕೊಟ್ಟೂರೇಶನ ಹತ್ತಿರ ನಕ್ಕರು. ರೀಲು ಬಿಚ್ಚಿಸಿದರು, ಕೋಲು ಹಾಗೇ ಬಿಟ್ಟರು. ಆಮೇಲೆ ಇನ್ನಷ್ಟು ಕೋಲು ನೆಟ್ಟರು.

ಹಾಗೆ ಶುರುವಾಯಿತು. ಉಳುಮೆಯ ದಿನ ಟ್ರ್ಯಾಕ್ಟರಿನ ಹಿಂದೆ ಮದುವೆ ದಿಬ್ಬಣದ ಹಾಗೆ ಬರುವ ಬೆಳ್ಳಕ್ಕಿಗಳು, ನಾಟಿಗೆ ಮುಂಚೆ ಬದುವಿನ ಮೇಲೆ ನಾಲ್ಕು ಕಲ್ಲಿನ ನಡುವೆ ಮೊಟ್ಟೆಯಿಟ್ಟು ಊರೆಲ್ಲ ಕೇಳುವಂತೆ ಬೈಯುವ ಟಿಟ್ಟಿಭ, ಕಾಲುವೆಯಂಚಿನ ಜೊಂಡಿನಲ್ಲಿ ಮರಿ ಕಟ್ಟಿಕೊಂಡು ಓಡಾಡುವ ಹುಂಡುಕೋಳಿ, ಈಚಲ ಮರಕ್ಕೆ ತೂಗುವ ಗೀಜಗನ ಗೂಡು, ಕತ್ತಲಾಗುವಾಗ ಇಲಿ ಹುಡುಕಿಕೊಂಡು ಬರುವ ಬಿಳಿ ಗೂಬೆ. ಒಂದು ತಪ್ಪಿದರೆ ಇನ್ನೊಂದು ಇರುತ್ತಿತ್ತು. ಗದ್ದೆಯ ಒಂದು ಬದಿಗೆ ಲಕ್ಕಿ, ಕಾರೆ, ಕಳ್ಳಿ ಬೆಳೆದ ಹಳೆಯ ಬೇಲಿಯಿತ್ತು. ಅದನ್ನು ಕಿತ್ತು ಕಲ್ಲುಕಂಬ, ತಂತಿ ಹಾಕಿಸೋಣ ಎಂದು ಕೊಟ್ಟೂರೇಶ ವರ್ಷವರ್ಷವೂ ಹೇಳುತ್ತಿದ್ದ.

"ತಂತಿ ಮ್ಯಾಲೆ ಗೂಡು ಕಟ್ಟೋಕೆ ಆಗ್ತೈತೇನೋ?"

"ಯಾರಿಗೆ ದೊಡ್ಡಮ್ಮ, ನಿಂಗಾ?"

"ನಂಗೆ ಮಂಡಿಪೇಟ್ಯಾಗೆ ಮನೆ ಐತೆ. ಅವಕ್ಕಿಲ್ಲ."

ಕೊಯ್ಲಿಗೆ ಬರುತ್ತಿದ್ದದ್ದು ಆವರಗೆರೆಯ ದುರುಗವ್ವನ ಗುಂಪು. ಗುಂಪಿನ ಯಜಮಾನಿ ದುರುಗವ್ವ, ಎಲ್ಲರಿಗಿಂತ ಹಿರಿಯಳು ಭೀಮವ್ವ. ಅವರು ಕೊಯ್ಯುವ ಕ್ರಮ ಹಿಂದಿನಿಂದ ಬಂದದ್ದು. ಗದ್ದೆಯ ನಾಲ್ಕೂ ಕಡೆಯಿಂದ ಶುರುಮಾಡಿ ಸುತ್ತಲೂ ಕೊಯ್ಯುತ್ತ ಒಳಗೆ ಒಳಗೆ ಹೋಗುವುದು. ಕೊನೆಗೆ ನಡುವೆ ಒಂದು ಚಾಪೆಯಗಲ ಪೈರು ಉಳಿಯುತ್ತದೆ. ಕುಡುಗೋಲಿಗೆ ಹೆದರಿ ಒಳಗೊಳಗೇ ಸರಿದ ಹಕ್ಕಿಗಳೆಲ್ಲ ಅದರಲ್ಲಿ ಸೇರಿಕೊಂಡಿರುತ್ತವೆ, ಅದರಲ್ಲೂ ಬುರ್ಲಿಗಳು. ಲಾವಕ್ಕಿಗೆ ಅಲ್ಲಿಯ ಹೆಸರು ಅದು: ಹಿಡಿಯಷ್ಟು ಗಾತ್ರ, ಮಣ್ಣಿನ ಬಣ್ಣ, ಹಾರುವುದಕ್ಕಿಂತ ಓಡುವುದೇ ಹೆಚ್ಚು. ಹೆಂಗಸರು ಸುತ್ತಲೂ ಹಳೆಯ ಸೀರೆ ಹಿಡಿದು ನಿಂತು ಅವನ್ನು ಹಿಡಿಯುತ್ತಾರೆ. ಕೂಲಿ ಬೇರೆ, ಇದು ಬೇರೆ. ಇದು ಸುಗ್ಗಿಯ ಸಾರು, ಕೊಯ್ದವರ ಹಕ್ಕು.

ಮೊದಲ ಕೊಯ್ಲಿನಲ್ಲಿ ಶಕುಂತಲಮ್ಮ ಕಣದ ಕಡೆಗಿದ್ದರು, ನೋಡಿರಲಿಲ್ಲ. ೧೯೯೭ರ ಬೇಸಿಗೆ ಬೆಳೆಯ ಕೊಯ್ಲಿನಲ್ಲಿ ನೋಡಿದರು. ಎಲ್ಲ ಬುರ್ಲಿಗಳೂ ದಿಕ್ಕೆಟ್ಟು ಓಡುವಾಗ ಒಂದು ಮಾತ್ರ ಕೂತೇ ಇತ್ತು. ಹಾರಬಹುದಿತ್ತು, ಹಾರಲಿಲ್ಲ. ಕೈ ಹಾಕಿ ಎತ್ತಿದಾಗ ಅದರ ಕೆಳಗೆ ಮೊಟ್ಟೆಗಳಿದ್ದವು.

ಸಂಜೆ ಅದನ್ನು ಕೊಟ್ಟೂರೇಶನಿಗೆ ಹೇಳಿದರು. ಅವನಿಗೆ ಇದು ಒಗಟೇ ಅಲ್ಲ. "ಗದ್ದೆ ನಿಂದು ದೊಡ್ಡಮ್ಮ. ಹಿಡೀಬ್ಯಾಡ್ರಿ ಅಂದ್ರೆ ಮುಗೀತು."

"ಗದ್ದೆ ನಂದು, ಹಕ್ಕಿ ನಂದಲ್ಲ. ಬಿಸಿಲಾಗೆ ಬಗ್ಗಿ ಕೊಯ್ದೋರ ಬಾಯಾಗಿಂದ ಕಸ್ಕೊಳ್ಳೋಕೆ ನಾನ್ಯಾರು? ನಾಳೆ ಅವರು 'ತಿನ್ನದೋಳು ತಿನ್ನೋರಿಗೆ ಬುದ್ಧಿ ಹೇಳ್ತಾಳೆ' ಅಂದ್ರೆ ಏನಂತ ಹೇಳ್ಲಿ?"

"ಹಂಗಾದ್ರೆ ಬೇರೆ ಆಳು ಕರಿ."

"ದುರುಗವ್ವನ ಬಿಟ್ಟು ಬೇರೆಯೋರ?"

ಅಲ್ಲಿತ್ತು ತೊಡಕು. ಗಂಡ ಸತ್ತ ಹೊಸತರಲ್ಲಿ ಬಾತಿಯ ದಾರಿ ತಿಳಿಯದ ಪೇಟೆಯ ಹೆಂಗಸಿಗೆ ಮಡಿ ಯಾವುದು, ಬದು ಯಾವುದು, ನೀರು ಯಾವಾಗ ಬಿಡಬೇಕು ಎಂದು ಹೇಳಿಕೊಟ್ಟವಳು ದುರುಗವ್ವ. ಅವರಿಗೆ ಹಕ್ಕಿಯೂ ಉಳಿಯಬೇಕಿತ್ತು, ದುರುಗವ್ವನೂ ಉಳಿಯಬೇಕಿತ್ತು. ಒಂದನ್ನು ಹಿಡಿದರೆ ಇನ್ನೊಂದು ಕೈ ಬಿಡುತ್ತಿತ್ತು.

ಮುಂದಿನ ಕೊಯ್ಲಿಗೆ ಅವರು ಒಂದು ಉಪಾಯ ಮಾಡಿದರು. ಮನೆಯಿಂದ ಡಬ್ಬಿ ತುಂಬ ಹೋಳಿಗೆ, ತುಪ್ಪ ಒಯ್ದರು. ಗುಂಪಿನವರು ಕೂತು ತೃಪ್ತಿಯಾಗಿ ತಿಂದರು, ಕೈ ತೊಳೆದರು, ಎದ್ದು ಹೋಗಿ ನಡುವಿನ ಬುರ್ಲಿಗಳನ್ನೂ ಹಿಡಿದರು. ಶಕುಂತಲಮ್ಮನ ಮುಖ ನೋಡಿ ದುರುಗವ್ವ ಅಂದಳು: "ಹೋಳಿಗೆ ಹೋಳಿಗೆ ಜಾಗಕ್ಕೆ, ಬುರ್ಲಿ ಬುರ್ಲಿ ಜಾಗಕ್ಕೆ, ಅಮ್ಮಾರೆ. ಬಾಡಿನ ಆಸೆ ಬೆಲ್ಲದಾಗೆ ತೀರ್ತದೇನ್ರಿ?"

"ಕೋಳಿ ಕೊಟ್ರೆ ಬಿಡ್ತೀಯೇನು?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಹಣೆತುಂಬ ವಿಭೂತಿ ಹಚ್ಚಿದ ಲಿಂಗಾಯತರ ಅಮ್ಮ ಕೋಳಿ ತರುವುದೆಂದರೆ ನಗದೆ ಇನ್ನೇನು? ದುರುಗವ್ವನೂ ನಗುತ್ತಲೇ, "ನೀವು ಕೈಯಾರೆ ಕೋಳಿ ತರ್ರಿ, ನೀವು ಹೇಳ್ದಂಗೆ ಕೊಯ್ತೀವಿ" ಅಂದಳು.

ಆಡಿದ ಮಾತು ಅಷ್ಟೇ. ಶಕುಂತಲಮ್ಮ ಅದನ್ನು ಮರೆಯಲಿಲ್ಲ.

೧೯೯೮ರ ಮೇ ತಿಂಗಳು. ಬೇಸಿಗೆ ಬೆಳೆ ಹಣ್ಣಾಗಿತ್ತು, ಬಾತಿ ಗುಡ್ಡದ ಮೇಲೆ ದಿನವೂ ಮೋಡ ಕಟ್ಟುತ್ತಿತ್ತು. ಒಂದು ಮಳೆ ಹೊಡೆದರೆ ತೆನೆಯೆಲ್ಲ ನೆಲಕ್ಕೆ. ಕೊಯ್ಲಿನ ದಿನ ಬೆಳಿಗ್ಗೆ ಶಕುಂತಲಮ್ಮ ಲೂನಾ ಹತ್ತಿ ಬಾತಿಗೆ ಹೋಗುವ ಬದಲು ನೇರ ಹರಿಹರಕ್ಕೆ ಹೋದರು. ದಾವಣಗೆರೆಯಲ್ಲಿ ಕೋಳಿ ಕೊಂಡರೆ ಯಾರಾದರೂ ನೋಡಿಯಾರು. ಹರಿಹರದ ಬಸ್‌ಸ್ಟ್ಯಾಂಡಿನ ಹತ್ತಿರ ಬುಟ್ಟಿಯಲ್ಲಿ ನಾಟಿ ಕೋಳಿ ಇಟ್ಟುಕೊಂಡು ಕೂರುತ್ತಿದ್ದವಳು ಗುಲ್ಷನ್.

"ಬರ್ರಿ ಅಮ್ಮಾ. ಅಡುಗೆಗೋ, ಸಾಕೋಕೋ?"

ಈ ಪ್ರಶ್ನೆ ಬರುತ್ತದೆಂದು ಶಕುಂತಲಮ್ಮನಿಗೆ ಹೊಳೆದೇ ಇರಲಿಲ್ಲ. ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಯಾರೋ ವಿಭೂತಿಯ ಹಿರಿಯರು ಇತ್ತಲೇ ನೋಡುತ್ತಿದ್ದರು.

"ಸಾಕೋಕೆ."

"ಹಂಗಾದ್ರೆ ಒಳ್ಳೆ ಮೊಟ್ಟೆ ಕೋಳಿ ಕೊಡ್ತೀನಿ. ನನ್ನ ನೆನೆಸ್ಕೊಂತೀರಿ ನೋಡ್ರಿ" ಎಂದು ಗುಲ್ಷನ್ ಆರು ಹೇಂಟೆಗಳನ್ನು ಆರಿಸಿ, ಕಾಲು ಕಟ್ಟಿ, ಅವರು ತಂದಿದ್ದ ಮಂಡಕ್ಕಿ ಚೀಲಕ್ಕೆ ತುಂಬಿದಳು.

ಸೆರಗನ್ನು ತಲೆತುಂಬ ಹೊದ್ದು ಶಕುಂತಲಮ್ಮ ಗಾಡಿ ಬಿಟ್ಟರು. ರೈಲ್ವೆ ಗೇಟು ಹಾಕಿತ್ತು. ಗೇಟಿನ ಮುಂದೆ ನಿಂತಿದ್ದ ಬೈಕಿನ ಮೇಲೆ, ಗುತ್ತೂರಿಗೆ ಮಂಡಕ್ಕಿ ಹಾಕಿ ಮರಳುತ್ತಿದ್ದ ಕೊಟ್ಟೂರೇಶ.

"ದೊಡ್ಡಮ್ಮ! ಇಲ್ಲೇನು? ಏನದು ಚೀಲದಾಗೆ?"

"ಮಂಡಕ್ಕಿ."

ಚೀಲ ಅಲುಗಾಡಿತು. ಕೊಕ್ಕೊಕ್ಕೋ ಅಂದಿತು.

"ಮಂಡಕ್ಕಿ ಕೂಗ್ತೈತಲ್ಲ ದೊಡ್ಡಮ್ಮ!"

"ಬಿಸಿ ಐತೆ, ಅದಕ್ಕೆ" ಎಂದು ಶಕುಂತಲಮ್ಮ ಗೇಟು ಏಳುವುದನ್ನೇ ಕಾದು ಗಾಡಿ ಓಡಿಸಿಬಿಟ್ಟರು. ಕೊಟ್ಟೂರೇಶ ಹಿಂದೆಯೇ ಬಂದ.

ಗದ್ದೆಯಲ್ಲಿ ಗುಂಪು ಆಗಲೇ ಕೊಯ್ಲಿಗೆ ನಿಂತಿತ್ತು. ಶಕುಂತಲಮ್ಮ ಚೀಲ ಇಳಿಸಿ ಬಾಯಿ ಬಿಚ್ಚಿದರು. ಕೋಳಿಗಳನ್ನು ಕಂಡು ಹೆಂಗಸರು ಕುಡುಗೋಲು ಕೆಳಗಿಟ್ಟು ಸುತ್ತಲೂ ಸೇರಿದರು. ನಿಜವಾಗಿ ತರುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ. ಭೀಮವ್ವ ಒಂದನ್ನು ಎತ್ತಿ, ಹೊಟ್ಟೆ ಒತ್ತಿ ನೋಡಿದಳು. ಇನ್ನೊಂದನ್ನು ನೋಡಿದಳು.

"ಅಯ್ಯ, ಇವೆಲ್ಲ ಮೊಟ್ಟೆ ಇಡೋವು ಕಣ್ರೇ. ಇವತ್ತೋ ನಾಳೆನೋ ಇಡ್ತಾವೆ. ಇವನ್ನ ಯಾರು ಕೊಯ್ತಾರೆ?"

"ಮನೆಗೆ ಭಾಗ್ಯ ಬಂದಂಗೆ ಬಂದಾವೆ. ಕೊಯ್ದೋರ ಕೈ ಬಿದ್ದು ಹೋಗ್ತದೆ" ಅಂದಳು ದುರುಗವ್ವ. ಆಮೇಲೆ ಶಕುಂತಲಮ್ಮನ ಕಡೆ ತಿರುಗಿದಳು. "ಇವು ಸಾಕೋವು ಅಮ್ಮಾರೆ. ಮತ್ತೆ ಇವತ್ತಿನ ಸಾರಿಗೇನು?"

ಶಕುಂತಲಮ್ಮ ನಿಂತಲ್ಲೇ ಕುಗ್ಗಿದರು. ಗುಡ್ಡದ ಮೇಲೆ ಮೋಡ ಕಪ್ಪಾಗುತ್ತಿತ್ತು. "ನಾ ಮೊದ್ಲೇ ಹೇಳಿದ್ದೆ" ಎಂದು ಕೊಟ್ಟೂರೇಶ ಹಿಂದಿನಿಂದ ಗೊಣಗಿದ. "ಹೆಂಗರ ಕೊಯ್ಲಿ ಬಿಡು. ಮಳೆ ಬಂದ್ರೆ ಹಕ್ಕಿನೂ ಇಲ್ಲ, ಭತ್ತನೂ ಇಲ್ಲ."

"ಅಡುಗೆಗೆ ಅನ್ನೋಕೆ ಬಾಯಿ ಬರ್ಲಿಲ್ಲ ದುರುಗವ್ವ" ಎಂದರು ಶಕುಂತಲಮ್ಮ. "ಅವಳು ಕೇಳಿದ್ಲು, ನಾ ಸಾಕೋಕೆ ಅಂದುಬಿಟ್ಟೆ. ತಪ್ಪಾತು. ಮಾತಿನ ಪ್ರಕಾರ ತರಲಿಲ್ಲ. ನೀವು ನಿಮ್ಮಂಗೇ ಕೊಯ್ರಿ."

ಮೊದಲು ನಕ್ಕವಳು ಭೀಮವ್ವ. ನಕ್ಕು ನಕ್ಕು ಕೋಳಿಯನ್ನು ಅವಚಿಕೊಂಡೇ ಬದುವಿನ ಮೇಲೆ ಕೂತುಬಿಟ್ಟಳು.

"ಚೀಲ ಹೊತ್ಕೊಂಡು ಲೂನಾದ ಮ್ಯಾಲೆ ಬಂದ್ರಲ್ಲವ್ವ, ಯಾರೂ ನೋಡ್ಲಿಲ್ವೇನ್ರಿ?"

"ಈತ ನೋಡ್ಯಾನಲ್ಲ" ಎಂದು ಶಕುಂತಲಮ್ಮ ಕೊಟ್ಟೂರೇಶನನ್ನು ತೋರಿಸಿದರು. "ಸಂಜಿಗೆ ಮಂಡಿಪೇಟೆಗೆಲ್ಲ ಗೊತ್ತಾಗ್ತೈತೆ."

ದುರುಗವ್ವ ನಗಲಿಲ್ಲ. ಕೋಳಿಗಳನ್ನು ನೋಡಿದಳು, ಮೋಡ ನೋಡಿದಳು, ಶಕುಂತಲಮ್ಮನ ಬೆವರಿಗೆ ಕರಗಿದ ವಿಭೂತಿ ನೋಡಿದಳು. ಬಗ್ಗಿ ಕುಡುಗೋಲು ಎತ್ತಿಕೊಂಡಳು.

"ಅವರ ಮಾತು ಅವರು ಉಳಿಸ್ಕೊಂಡ್ರು. ನಮ್ಮ ಮಾತು ನಾವು ಉಳಿಸ್ಕೊಳ್ಳೋದು ಬ್ಯಾಡ್ವೇನ್ರೇ? ಹೇಳ್ರಿ ಅಮ್ಮಾರೆ, ಯಾವ ಕಡೆಯಿಂದ ಸುರು ಮಾಡಾಣ?"

ಕಾಲುವೆಯ ಕಡೆಯಿಂದ ಶುರುಮಾಡಿ ಬೇಲಿಯಿರುವ ಬದುವಿನ ಕಡೆಗೆ ಕೊಯ್ದರು, ಎಲ್ಲರೂ ಒಂದೇ ಸಾಲಿನಲ್ಲಿ. ಸುತ್ತುಗಟ್ಟಿ ಕೊಯ್ದಷ್ಟು ಬೇಗ ಆಗಲಿಲ್ಲ, ಒಬ್ಬರಿಗೊಬ್ಬರು ಅಡ್ಡ ಬಂದು ಬೈದಾಡಿಕೊಂಡರು. ಒಂದು ಕಡೆ ಗೂಡು ಸಿಕ್ಕಿತು, ಮೊಟ್ಟೆಯಿತ್ತು. ದುರುಗವ್ವ ಅದರ ಸುತ್ತ ಒಂದು ಹಿಡಿ ಪೈರು ಕೊಯ್ಯದೆ ಬಿಟ್ಟು, ಮೇಲೆ ಜುಟ್ಟು ಕಟ್ಟಿದ ಹಾಗೆ ಹುಲ್ಲಿನಿಂದ ಬಿಗಿದಳು. ಬದುವಿನ ಹತ್ತಿರ ನಾಲ್ಕು ಮಾರು ಪೈರು ಉಳಿದಾಗ ಎಲ್ಲರೂ ಕೈ ನಿಲ್ಲಿಸಿ ಕುಕ್ಕರುಗಾಲಿನಲ್ಲಿ ಕೂತರು. ಮೊದಲು ಒಂದು ಬುರ್ಲಿ ಕತ್ತು ಚಾಚಿ ನೋಡಿತು. ಬದು ದಾಟಿ ಬೇಲಿಯೊಳಗೆ ಓಡಿತು. ಅದರ ಹಿಂದೆ ಗೋಲಿ ಉರುಳಿದ ಹಾಗೆ ಮರಿಗಳು.

"ಅಗಾ, ಸಾರು ಹೊಂಟಿತು ನೋಡ್ರೇ" ಎಂದು ಭೀಮವ್ವ ನಿಟ್ಟುಸಿರು ಬಿಟ್ಟಳು.

ಬದುವಿನ ಕಡೆಯ ಸಿವುಡು ಕಟ್ಟಿ ಮುಗಿಸುವ ಮೊದಲೇ ಮಳೆ ಬಂತು. ನೆನೆದ ಭತ್ತ ಮೊಳಕೆಯೊಡೆಯಿತು. ಕೋಳಿಗಳು ಗುಂಪಿನ ಜೊತೆ ಆವರಗೆರೆಗೆ ಹೋಗಿದ್ದವು, ಶಕುಂತಲಮ್ಮ ಅದನ್ನೂ ಅವಕ್ಕೇ ಕಳಿಸಿದರು. ಕೊಯ್ಲಿನ ರಾತ್ರಿ ಆವರಗೆರೆಯಲ್ಲಿ ಬದನೆಕಾಯಿ ಸಾರು.

ಮಂಡಿಪೇಟೆಯಲ್ಲಿ ಕೆಲವರು ಮೂಗು ಮುರಿದರು. ಒಂದು ಶ್ರಾವಣದಲ್ಲಿ ಯಾರೋ ಅವರನ್ನು ಆರತಿಗೆ ಕರೆಯಲು ಮರೆತರು. ಅವರು ಬೇಸರ ಮಾಡಿಕೊಳ್ಳಲಿಲ್ಲ ಎನ್ನುವುದು ಸುಳ್ಳು. ಮಾಡಿಕೊಂಡರು. ಮರುದಿನ ಲೂನಾ ಹತ್ತಿ ಬಾತಿಗೆ ಹೋದರು.

ಅವರಿಂದ ಆದದ್ದು ದೊಡ್ಡದೆಂದು ಯಾರೂ ಹೇಳಲಾರರು. ನಾಲ್ಕು ಎಕರೆ, ಒಂದು ಬೇಲಿ, ಒಂದು ಗುಂಪು. ಆದರೆ ದುರುಗವ್ವನ ಗುಂಪಿಗೆ ಆ ಕ್ರಮವೇ ಕೈಗೆ ಬಂತು. ಪಕ್ಕದ ಗುಡ್ಡಪ್ಪನ ಗದ್ದೆಯಲ್ಲೂ ಅವರು ಬೇಲಿಯ ಕಡೆಗೇ ಕೊಯ್ದರು, ಗೂಡು ಸಿಕ್ಕಲ್ಲಿ ಜುಟ್ಟು ಬಿಟ್ಟರು. ಆರು ಕೋಳಿಗಳ ಸಂತಾನ ಇವತ್ತು ಆವರಗೆರೆಯ ಎಷ್ಟೋ ಅಂಗಳಗಳಲ್ಲಿ ಕೆದಕುತ್ತಿದೆ, ಆ ಕೋಳಿಗಳಿಗೆಲ್ಲ ಅಲ್ಲಿ "ಮಂಡಕ್ಕಿ" ಎಂದೇ ಹೆಸರು. ಕೊಟ್ಟೂರೇಶ ತಂತಿಯ ಮಾತು ಎತ್ತುವುದು ಬಿಟ್ಟ. ಸಂಜೆ ಕಾಲುವೆಯ ಏರಿಯ ಮೇಲೆ ಅವರ ಜೊತೆ ಕೂತು ಖಾರ ಮಂಡಕ್ಕಿ ತಿನ್ನುತ್ತ ಬೆಳ್ಳಕ್ಕಿಗಳು ಸಾಲಾಗಿ ಕೆರೆಯ ಕಡೆ ಹೋಗುವುದನ್ನು ನೋಡಿದವರಿಗೆ ಆ ನೋಟ ಉಳಿದಿದೆ. ಮೊದಲು ಹಕ್ಕಿಯೆಂದರೆ ಬರಿಯ ಹಕ್ಕಿಯಾಗಿದ್ದ ಕಣ್ಣಿಗೆ ಈಗ ಕಾಜಾಣ ಬೇರೆ, ಗೀಜಗ ಬೇರೆ. ಅದು ಅವರು ಕೊಟ್ಟದ್ದು. ಕೇಳದೆಯೇ ಕೊಟ್ಟರು, ಕೊಟ್ಟೆನೆಂದು ಅವರಿಗೆ ತಿಳಿದೂ ಇರಲಿಲ್ಲ.

ಕೊನೆಯ ಕೊಯ್ಲಿನ ವರ್ಷ ಬಾತಿಯ ಬಯಲಿಗೆ ಕೊಯ್ಯುವ ಮಷೀನು ಬಂದಿತ್ತು. ಸುತ್ತಲ ಗದ್ದೆಗಳೆಲ್ಲ ಒಂದೊಂದೇ ದಿನದಲ್ಲಿ ಬೋಳಾದವು. ಕೊಟ್ಟೂರೇಶ ಒಂದು ಮಾತು ಕೇಳಿ ನೋಡಿದ.

"ಮಷೀನಿಗೆ ತಡಿ ಅಂದ್ರೆ ತಡೀತೈತೇನೋ?" ಎಂದರು ಶಕುಂತಲಮ್ಮ. "ದುರುಗವ್ವನಿಗೆ ಹೇಳಿ ಕಳಿಸು."

ಹಾಗಾಗಿ ಆ ಸಲ ಸುತ್ತಮುತ್ತಲಿಂದ ಓಡಿಬಂದ ಹಕ್ಕಿಗಳೆಲ್ಲ ಅವರ ಗದ್ದೆಯಲ್ಲೇ ತುಂಬಿದ್ದವು. ಪೈರಿನೊಳಗೆ ಹೆಜ್ಜೆಯಿಟ್ಟಲ್ಲೆಲ್ಲ ಸರಕ್ಕೆಂದು ಏನೋ ಸರಿಯುತ್ತಿತ್ತು. ಬೆಳಿಗ್ಗೆಯಿಂದ ಶಕುಂತಲಮ್ಮನಿಗೆ ಎದೆಯಲ್ಲಿ ಕಸಿವಿಸಿ. ಪಿತ್ತ ಎಂದು ನಿಂಬೆಹಣ್ಣಿನ ಸೋಡಾ ಕುಡಿದು ಬಂದಿದ್ದರು. ಡಿಸೆಂಬರಿನ ಬಿಸಿಲೇ ಆದರೂ ತಡೆಯಲಾಗುತ್ತಿರಲಿಲ್ಲ. ಬೇಲಿಯ ಹತ್ತಿರ ಬದುವಿನ ಮೇಲೆ ಬಕ್ಕೇಶಪ್ಪನ ಹಳೆಯ ಕರಿ ಕೊಡೆ ಬಿಚ್ಚಿ ಹಿಡಿದು ಕೂತಿದ್ದರು. ಕೊಡೆಯ ಒಂದು ಕಡ್ಡಿ ಮುರಿದಿತ್ತು.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಸಾಲು ಬದುವಿನ ಹತ್ತಿರ ಬಂತು. ನಾಲ್ಕು ಮಾರು ಪೈರು ಉಳಿಯಿತು. ದುರುಗವ್ವ ಕೈ ಎತ್ತಿದಳು, ಎಲ್ಲರೂ ಕೂತರು. ಪೈರಿನ ಬುಡದಲ್ಲಿ ಒಂದೇ ಸಮನೆ ಚಲನೆ. ಕತ್ತುಗಳು ಹೊರಬಂದವು, ಒಳಗೆ ಹೋದವು. ಒಂದೂ ದಾಟಲಿಲ್ಲ.

"ಯಾಕ ಇವತ್ತು ಹೊರಗೆ ಬರ್ತಿಲ್ಲ?" ಎಂದು ಭೀಮವ್ವ ಪಿಸುಗುಟ್ಟಿದಳು. "ನಾಯಿ ಗೀಯಿ ಐತೇನು ನೋಡ್ರೇ."

"ನಾಯಿ ಇಲ್ಲ, ಏನಿಲ್ಲ. ಬಾಯಿ ಮುಚ್ಕೊಂಡು ಕೂಡು" ಎಂದಳು ದುರುಗವ್ವ.

ಕೆರೆಯ ಕಡೆಯಿಂದ ಗಾಳಿ ಬೀಸಿತು. ಮುರಿದ ಕಡ್ಡಿಯ ಕಡೆ ಕೊಡೆಯ ಬಟ್ಟೆ ಪಟಪಟನೆ ಬಡಿಯಿತು. ಬದುವಿನ ಮೇಲೆ, ಹಕ್ಕಿಗಳು ದಾಟಬೇಕಾದ ಜಾಗದಲ್ಲೇ, ಅದರ ಕರಿ ನೆರಳು ಎಗರಿತು. ಹೊರಬಂದಿದ್ದ ಒಂದು ಕತ್ತು ಮತ್ತೆ ಒಳಗೆ ಸರಿಯಿತು. ಶಕುಂತಲಮ್ಮ ಆ ನೆರಳನ್ನು ನೋಡಿದರು. ತಲೆಯೆತ್ತಿ ಕೊಡೆಯನ್ನು ನೋಡಿದರು. ಹಣೆಯಿಂದ ಬೆವರು ಇಳಿಯುತ್ತಿತ್ತು, ಎಡಗೈ ಭಾರವಾಗಿತ್ತು. ಅಲ್ಲಿ ಅವರಿಗಿದ್ದ ನೆರಳು ಅದೊಂದೇ.

ಬಲಗೈಯಿಂದ ಕೊಡೆಯನ್ನು ಮೆಲ್ಲಗೆ ಇಳಿಸಿದರು. ಗುಂಡಿ ಟಕ್ಕೆನ್ನದಂತೆ ಹೆಬ್ಬೆರಳಲ್ಲಿ ಅದುಮಿ ಹಿಡಿದರು. ಒಂದೊಂದೇ ಕಡ್ಡಿಯನ್ನು ಒಳಗೆ ಎಳೆದು, ಬಟ್ಟೆ ಬಡಿಯದಂತೆ ಸುತ್ತಿ, ಮಡಚಿದ ಕೊಡೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು.